ಪಲಾವ್ ಬಿಟ್ಟು ಪ್ರಿಂಟರ್ ಹಿಡಿದೆವು: ನನ್ನ ಅನುಭವ

ನಾವು ಆರು ಜನ. ಇಬ್ಬರು ಗೇ, ಒಂದು ಲೆಸ್ಬಿಯನ್ ಜೋಡಿ, ಇಬ್ಬರು ಟ್ರಾನ್ಸ್ ಅಕ್ಕಂದಿರು. ಎಲ್ಲರೂ ಸಂಡೇ ಸ್ಕೂಲಿನಲ್ಲಿ ಬೈಬಲ್ ವಚನ ಬಾಯಿಪಾಠ ಒಪ್ಪಿಸಿ ಬೆಳೆದವರೇ. 2018ರಲ್ಲಿ ಸುಪ್ರೀಂ ಕೋರ್ಟು ಸಲಿಂಗ ಸಂಬಂಧವನ್ನ ಅಪರಾಧ ಅಂತಿದ್ದ 377ನೇ ಕಲಮಿನ ಹಲ್ಲು ಕಿತ್ತ ಮೇಲೆ ಧೈರ್ಯ ಬಂದು, ಬೆಂಗಳೂರಿನ ಶಿವಾಜಿನಗರದ ಒಂದು ಮಹಡಿ ಕೋಣೆಯಲ್ಲಿ ಕೂಟ ಶುರು ಮಾಡಿದೆವು. ಹಾಡು, ಪ್ರಾರ್ಥನೆ, ಟೀ. ಹಸಿದವರಿಗೆ ಊಟ ಕೊಟ್ಟರೆ ಅದು ನನಗೇ ಕೊಟ್ಟಂತೆ ಅಂತ ಯೇಸು ಹೇಳೋ ಮತ್ತಾಯ 25 ಓದಿ ಎದ್ದು ಮನೆಗೆ ಹೋಗೋದು ಎಷ್ಟು ದಿನ?

ಮೊದಲು ಸುತ್ತಮುತ್ತಲಿನ ಟ್ರಾನ್ಸ್ ಅಕ್ಕಂದಿರಿಗೆ ಪಲಾವ್ ಹಂಚಿದೆವು. ಭಾನುವಾರ ಬೆಳಗ್ಗೆ ಆರಾಧನೆ ಮುಗಿಸಿಕೊಂಡು ಅರವತ್ತು ಪೊಟ್ಟಣ, ಒಂದಕ್ಕೆ ಸುಮಾರು 35 ರೂಪಾಯಿ. ಅಕ್ಕಂದಿರು ರಾತ್ರಿಯೆಲ್ಲ ದುಡಿದು ಮಲಗೋ ಹೊತ್ತದು. ಅರ್ಧಕ್ಕರ್ಧ ಉಳೀತಿತ್ತು. ಎರಡು ತಿಂಗಳಿಗೆ ಹದಿನೇಳು ಸಾವಿರ ಹೋಯ್ತು. ಕೊನೆಗೆ ನಮ್ಮ ಕೂಟದ ಅಕ್ಕನೇ ಬೈದರು: "ಅನ್ನ ನಾವು ಬೇಯಿಸ್ಕೊಳ್ತೀವಿ ಕಣೋ. ಆಫೀಸಲ್ಲಿ ಓಡಾಡೋರು ಬೇಕು."

ಟ್ರಾನ್ಸ್‌ಜೆಂಡರ್ ಗುರುತಿನ ಪ್ರಮಾಣಪತ್ರ ಕೊಡೋ ಸರ್ಕಾರಿ ಪೋರ್ಟಲ್ 2020ರ ಕೊನೆಗೆ ಬಂತು. ಅರ್ಜಿಗೆ ದುಡ್ಡಿರಲಿಲ್ಲ. ಒಂದು ಅಫಿಡವಿಟ್ ಹಾಕಿದರೆ ಜಿಲ್ಲಾಧಿಕಾರಿ ಸಹಿಯ ಪತ್ರ ಸಿಗುತ್ತೆ ಅಂತ ಆಗಿನ ಲೆಕ್ಕ. ನಾವು ಕೋಣೆಯಲ್ಲಿ ಮೇಜು ಹಾಕಿ ಕೂತೆವು. ಐದು ವಾರಕ್ಕೆ ಬಂದವರು ಮೂರೇ ಜನ. ಆಧಾರ್ ಕೈಗೆ ಕೊಡು ಅಂದರೆ ಯಾರಿಗೆ ತಾನೇ ನಂಬಿಕೆ?

ಹಾಗಾಗಿ ನಾವೇ ಹೊರಟೆವು. ಸೆಕೆಂಡ್‌ಹ್ಯಾಂಡ್ ಪ್ರಿಂಟರ್ (ನಾಲ್ಕು ಸಾವಿರ, ಒಂದು ಕಾಲು ಮುರಿದಿತ್ತು), ಲ್ಯಾಪ್‌ಟಾಪ್, ಒಬ್ಬ ನೋಟರಿ ಪರಿಚಯ. ಮಧ್ಯಾಹ್ನ ಮೂರಕ್ಕೆ ಗುರುವಿನ (ಅಕ್ಕಂದಿರ ಮನೆಯ ಹಿರಿಯಕ್ಕ) ಮನೆಗೇ ಹೋಗಿ ಚಾಪೆ ಮೇಲೆ ಕೂರೋದು. ಬೈಬಲ್ ಬ್ಯಾಗಿನಲ್ಲೇ, ಕರಪತ್ರ ಇಲ್ಲವೇ ಇಲ್ಲ. 2022ರಲ್ಲಿ ಮತಾಂತರ ನಿಷೇಧ ಕಾಯ್ದೆ ಬಂದ ಮೇಲಂತೂ ಅದು ಕಟ್ಟುನಿಟ್ಟು. ಸಭೆಯ ಹಿರಿಯರೊಬ್ಬರು "ಪ್ರಾರ್ಥನೆ ಇಲ್ಲದ ಸೇವೆ ಎಂಥದಪ್ಪ?" ಅಂದರು. "ಅಯ್ಯಾ, ಬೈಬಲಿನಲ್ಲಿ ಫಿಲಿಪ್ಪ ಆ ಕಂಚುಕಿಯ, ಅಂದರೆ ನಪುಂಸಕ ಅಧಿಕಾರಿಯ, ರಥದ ಪಕ್ಕ ಓಡಿದನಲ್ಲ, ಮೊದಲು ಓಡೋದು ಕಲಿತೀವಿ" ಅಂದೆ. ಅವರು ನಗಲಿಲ್ಲ.

ಮೊದಲ ಹನ್ನೆರಡು ಅರ್ಜಿಯಲ್ಲಿ ಏಳು ವಾಪಸ್. ಹೆಸರಿನ ಒಂದಕ್ಷರ ಹೆಚ್ಚುಕಮ್ಮಿ, ಫೋಟೋ ಮಸುಕು. ದೊಡ್ಡ ತಲೆನೋವು ಓಟಿಪಿ. ಆಧಾರ್‌ಗೆ ಜೋಡಿಸಿದ ನಂಬರು ಊರಲ್ಲಿ ಅಣ್ಣನ ಕೈಲಿ, ಆ ಅಣ್ಣನೇ ಮನೆಯಿಂದ ಓಡಿಸಿದವನು! ಆಮೇಲೆ ಕ್ರಮ ತಿರುಗಿಸಿದೆವು: ಮೊದಲು ಆಧಾರ್ ಕೇಂದ್ರದಲ್ಲಿ ಆಗಿನ ಐವತ್ತು ರೂಪಾಯಿ ಕೊಟ್ಟು ಹೊಸ ನಂಬರು, ಅದಕ್ಕೆ ಬೆರಳಚ್ಚು ಸಾಕು, ಬೇರೆ ದಾಖಲೆ ಕೇಳಲ್ಲ. ಅರ್ಜಿ ಆಮೇಲೆ. ವಿಳಾಸ ಇಲ್ಲದವರಿಗೆ ಏನು ಮಾಡಿದೆವು ಅನ್ನೋದನ್ನ ಇಲ್ಲಿ ಬರೆಯಲ್ಲ. ಬಂದು ಕೇಳಿ, ಹೇಳ್ತೀನಿ.

ಮಧ್ಯೆ ಇನ್ನೊಂದು ಹುಚ್ಚು. ಸೆಪ್ಟೆಂಬರ್ 8ರ ಮೇರಿ ಮಾತೆ ಹಬ್ಬಕ್ಕೆ ಕಾವಿ ಉಟ್ಟು ಬರಿಗಾಲಲ್ಲಿ ನಡೆದು ಬರೋರಿಗೆ ಬಿಸಿನೀರಿನ ಟಬ್ ಇಟ್ಟೆವು, ಕಾಲು ತೊಳೆಯೋಕೆ. ಕಾಲು ಕೊಡೋಕೆ ಎಲ್ಲರಿಗೂ ಸಂಕೋಚ. ಒಬ್ಬಳು ಅಜ್ಜಿ ಮಾತ್ರ ಕೂತು, ಆರಾಮಾಗಿ ಅರ್ಧ ಗಂಟೆ ಕಾಲು ಇಳಿಬಿಟ್ಟಳು. ಮರುವರ್ಷ ಬ್ಯಾಂಡ್‌ಏಡ್, ಮಜ್ಜಿಗೆಗೆ ಇಳಿದೆವು.

ಎರಡು ವರ್ಷದಲ್ಲಿ ಎಪ್ಪತ್ತರ ಹತ್ತಿರ ಪತ್ರ ಬಂದಿವೆ. ತಲೆಗೆ ಇನ್ನೂರೈವತ್ತರಿಂದ ಮುನ್ನೂರು ಖರ್ಚು, ಛಾಪಾ ಕಾಗದ, ನೋಟರಿ, ಆಟೋ ಸೇರಿ. ಪಲಾವಿನ ದುಡ್ಡಲ್ಲಿ ಅರವತ್ತು ಜನರ ಕೆಲಸ ಆಗಿಹೋಗ್ತಿತ್ತು. ಪತ್ರ ಹಿಡಿದು ಕೆಲವರು ರಾಜ್ಯ ಸರ್ಕಾರ ಟ್ರಾನ್ಸ್ ಜನರಿಗೆ ಕೊಡೋ ಮೈತ್ರಿ ಮಾಸಾಶನಕ್ಕೂ ಅರ್ಜಿ ಹಾಕಿದ್ದಾರೆ.

ಆ ಹಿರಿಯರು ಈಗ ತಿಂಗಳಿಗೊಮ್ಮೆ ಲಕೋಟೆಯಲ್ಲಿ ಐನೂರು ಇಟ್ಟು ಕೊಡ್ತಾರೆ. ಮೇಲೆ ಬರೆದಿರೋದು "ಜೆರಾಕ್ಸ್" ಅಂತ ಮಾತ್ರ.