ಮಗಳು ಬ್ಯಾಸ್ಕೆಟ್‌ಬಾಲ್ ಆಡ್ತಾಳಾ? ಅಮೆರಿಕದ ಕಾಲೇಜು ಆಟದ ಲೆಕ್ಕ ತಿಳಿದಿರಲಿ
2024ರ ಫೆಬ್ರುವರಿ 15. ಅಯೋವಾ ಯೂನಿವರ್ಸಿಟಿ, ಎದುರಾಳಿ ಮಿಷಿಗನ್. ಕಾಲೇಜು ಮಹಿಳಾ ಬ್ಯಾಸ್ಕೆಟ್‌ಬಾಲ್‌ನಲ್ಲಿ ಅತಿ ಹೆಚ್ಚು ಪಾಯಿಂಟ್‌ಗಳ ದಾಖಲೆ ಮುರಿಯಲು ಅಯೋವಾದ ಆಟಗಾರ್ತಿ ಕೇಟ್ಲಿನ್ ಕ್ಲಾರ್ಕ್‌ಗೆ ಬೇಕಿದ್ದದ್ದು 8 ಪಾಯಿಂಟ್. ಮೊದಲು ಬುಟ್ಟಿಯ ಹತ್ತಿರದಿಂದ ಒಂದು ಲೇಅಪ್, ಅದಕ್ಕೆ 2 ಪಾಯಿಂಟ್. ಆಮೇಲೆ ದೂರದಿಂದ ಒಂದು ತ್ರೀ ಪಾಯಿಂಟರ್. ಮತ್ತೆ ಚೆಂಡು ಕೈಗೆ ಬಂದಾಗ ಅಂಕಣದ ನಡುವಿನ ಲೋಗೋ ಹತ್ತಿರದಿಂದಲೇ ಎತ್ತಿ ಎಸೆದಳು. ಬಿತ್ತು! ಆಟ ಶುರುವಾಗಿ ಮೂರು ನಿಮಿಷವೂ ಆಗಿರಲಿಲ್ಲ. ಕೆಲ್ಸಿ ಪ್ಲಮ್ ಅವರ 3,527 ಪಾಯಿಂಟ್‌ಗಳ ದಾಖಲೆ ಹಿಂದೆ ಉಳಿಯಿತು, ಅವತ್ತು ಒಟ್ಟು 49 ಹೊಡೆದಳು.

ಮಗಳ ಪಕ್ಕ ಕೂತು ಇದನ್ನು ನೋಡುವಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಈ ಕ್ಲಾರ್ಕ್ ಓದೋದು ಯಾವಾಗ? ನಮ್ಮೂರಲ್ಲಿ ಕಾಲೇಜು ಟೀಮ್ ಅಂದರೆ ಒಂದು ಸರ್ಟಿಫಿಕೇಟ್, ಹೆಚ್ಚೆಂದರೆ ಸ್ಪೋರ್ಟ್ಸ್ ಕೋಟಾದಲ್ಲಿ ಸೀಟು. ಇಲ್ಲಿ ಅಮೆರಿಕದಲ್ಲಿ ಹಾಗಲ್ಲ. ಇಲ್ಲಿ ಆಟದ ದಾರಿ ಕಾಲೇಜಿನ ಒಳಗಿಂದಲೇ ಹೋಗುತ್ತದೆ, ಆ ದಾರಿಗೆ ಓದಿನದ್ದೇ ಗೇಟು.

ಕಾಲೇಜು ಕ್ರೀಡೆ ನೋಡಿಕೊಳ್ಳುವ ಎನ್‌ಸಿಎಎ ಅನ್ನೋ ಸಂಸ್ಥೆ ಕಾಲೇಜುಗಳನ್ನು ಮೂರು ಡಿವಿಷನ್ ಮಾಡಿದೆ. ಡಿವಿಷನ್ 1ರಲ್ಲೇ 350ಕ್ಕೂ ಜಾಸ್ತಿ ಮಹಿಳಾ ಟೀಮ್‌ಗಳಿವೆ. 1 ಮತ್ತು 2ರಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ ಉಂಟು, 3ರಲ್ಲಿ ಇಲ್ಲ. ಡಿವಿಷನ್ 1ರಲ್ಲೇ ಇರುವ ಐವಿ ಲೀಗ್ (ಹಾರ್ವರ್ಡ್, ಯೇಲ್ ಥರದ್ದು) ಕಾಲೇಜುಗಳೂ ಆಟಕ್ಕೆ ಅಂತ ಕೊಡುವುದಿಲ್ಲ. ಪೂರ್ತಿ ಸ್ಕಾಲರ್‌ಶಿಪ್ ಸಿಕ್ಕರೆ ಫೀಸು, ಹಾಸ್ಟೆಲ್, ಊಟ, ಪುಸ್ತಕ ಎಲ್ಲ ಬಂತು. ಹೆಣ್ಣುಮಕ್ಕಳಿಗೆ ಇಷ್ಟು ಜಾಗ ಸಿಕ್ಕಿರುವುದರ ಹಿಂದೆ 1972ರ ಟೈಟಲ್ ನೈನ್ ಕಾನೂನು ಇದೆ. ಸರ್ಕಾರದ ದುಡ್ಡು ಪಡೆಯುವ ಶಿಕ್ಷಣ ಸಂಸ್ಥೆ ಹೆಣ್ಣು-ಗಂಡು ಅಂತ ಭೇದ ಮಾಡುವಂತಿಲ್ಲ.

ಈಗ ಗೇಟಿನ ವಿಷಯ. ನಮ್ಮವರು ಎಡವುವುದು ಇಲ್ಲೇ. ಡಿವಿಷನ್ 1ರಲ್ಲಿ ಆಡಬೇಕಾದರೆ ಹೈಸ್ಕೂಲಿನಲ್ಲಿ 16 ಕೋರ್ ಕೋರ್ಸ್ (ಎನ್‌ಸಿಎಎ ಒಪ್ಪಿರುವ ಮುಖ್ಯ ವಿಷಯಗಳ ಕೋರ್ಸ್) ಮುಗಿಸಿರಬೇಕು, ಅವುಗಳಲ್ಲಿ ಜಿಪಿಎ, ಅಂದರೆ 4ಕ್ಕೆ ಲೆಕ್ಕ ಹಾಕುವ ಸರಾಸರಿ ಗ್ರೇಡು, ಕನಿಷ್ಠ 2.3 ಇರಬೇಕು. 16ರಲ್ಲಿ 10 ಕೋರ್ಸ್ 12ನೇ ಕ್ಲಾಸು ಶುರುವಾಗುವ ಮೊದಲೇ ಮುಗಿಯಬೇಕು, ಆ 10ರಲ್ಲಿ 7 ಇಂಗ್ಲಿಷ್, ಗಣಿತ, ವಿಜ್ಞಾನದ್ದೇ ಆಗಿರಬೇಕು. ನಮ್ಮ ಮಕ್ಕಳಿಗೆ 2.3 ಏನು ಮಹಾ ಅಂತ ಸುಮ್ನೆ ಇರಬೇಡಿ, ಸ್ಕೂಲಿನ ಎಲ್ಲ ಕೋರ್ಸೂ ಈ ಲೆಕ್ಕಕ್ಕೆ ಬರುವುದಿಲ್ಲ. ನಮಗೆ ಪರಿಚಯದ ಒಂದು ಮನೆಯಲ್ಲಿ ಇದು ಗೊತ್ತಾಗಿದ್ದು 12ನೇ ಕ್ಲಾಸಿನಲ್ಲಿ, ಆ ಹುಡುಗಿಯ ಮುಖ ಇನ್ನೂ ಕಣ್ಮುಂದೆ ಇದೆ.

ಕೋಚ್‌ಗಳು ಮಕ್ಕಳನ್ನು ಹುಡುಕುವುದು ಬರೀ ಸ್ಕೂಲ್ ಟೀಮಿನಲ್ಲಿ ಅಲ್ಲ, ಬೇಸಿಗೆಯ ಎಎಯು (ಅಮೆಚೂರ್ ಅಥ್ಲೆಟಿಕ್ ಯೂನಿಯನ್) ಕ್ಲಬ್ ಟೂರ್ನಿಗಳಲ್ಲೂ. ಕ್ಲಾರ್ಕ್ ಕೂಡ ಹಾಗೇ ಬಂದವಳು. ಚಿಕ್ಕವಳಿದ್ದಾಗ ಹುಡುಗರ ಲೀಗಿನಲ್ಲಿ ಆಡಿದಳು, ಆಮೇಲೆ ಆಲ್ ಅಯೋವಾ ಅಟ್ಯಾಕ್ ಅನ್ನೋ ಕ್ಲಬ್ಬು. ಕಾಲೇಜಿಗೂ ತನ್ನ ರಾಜ್ಯ ಬಿಡಲಿಲ್ಲ. ನಾಲ್ಕು ವರ್ಷದಲ್ಲಿ 3,951 ಪಾಯಿಂಟ್, ಜೊತೆಗೆ ಮಾರ್ಕೆಟಿಂಗ್ ಡಿಗ್ರಿ. 2023, 2024 ಎರಡೂ ವರ್ಷ ಎನ್‌ಸಿಎಎ ಫೈನಲ್ ಸೋತಳು, ಅದು ನನಗೆ ಈಗಲೂ ಬೇಜಾರು. ಆದರೆ 2024ರ ಫೈನಲ್ಲನ್ನು ಸುಮಾರು 1.9 ಕೋಟಿ ಜನ ನೋಡಿದರು, ಅದೇ ವರ್ಷದ ಗಂಡಸರ ಫೈನಲ್ ನೋಡಿದ್ದು 1.5 ಕೋಟಿಗೂ ಕಡಿಮೆ.

ದುಡ್ಡಿನ ಮಾತು. 2021ರ ಜುಲೈನಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ಗಳಿಸಬಹುದು, ಇದನ್ನು ಎನ್‌ಐಎಲ್ ಅಂತಾರೆ. ಕ್ಲಾರ್ಕ್ ಕಾಲೇಜಿನಲ್ಲಿದ್ದಾಗಲೇ ನೈಕಿ, ಗೇಟರೇಡ್ ಜೊತೆ ಒಪ್ಪಂದ ಮಾಡಿಕೊಂಡಿದ್ದಳು. ನಮ್ಮವರು ಇಲ್ಲಿ ತುಂಬಾ ಹುಷಾರಾಗಿರಬೇಕು. ಮಗಳು ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇದ್ದವಳಾದರೆ ವೀಸಾ ತೊಡಕಿಲ್ಲ. ಎಚ್-4 (ಎಚ್-1ಬಿ ಕೆಲಸದವರ ಮನೆಯವರ ವೀಸಾ) ಅಥವಾ ಎಫ್-1 (ವಿದ್ಯಾರ್ಥಿ ವೀಸಾ) ಮೇಲಿದ್ದರೆ ಸ್ಕಾಲರ್‌ಶಿಪ್ ತಗೊಳ್ಳಬಹುದು, ಆದರೆ ಜಾಹೀರಾತಿಗೆ ಕೆಲಸ ಮಾಡಿ ದುಡ್ಡು ತಗೊಂಡರೆ ವೀಸಾಕ್ಕೇ ಕುತ್ತು ಬರಬಹುದು. ಊರಿನ ಅಂಗಡಿಯವರು ಇನ್‌ಸ್ಟಾಗ್ರಾಂನಲ್ಲಿ ಒಂದು ಫೋಟೋ ಹಾಕಮ್ಮ, ಇನ್ನೂರು ಡಾಲರ್ ಕೊಡ್ತೀವಿ ಅಂದರೂ, ಇಮಿಗ್ರೇಷನ್ ವಕೀಲರನ್ನು ಕೇಳದೆ ಸಹಿ ಹಾಕಬೇಡಿ.

ಮುಂದೆ ಮಹಿಳೆಯರ ವೃತ್ತಿಪರ ಲೀಗ್ ಡಬ್ಲ್ಯುಎನ್‌ಬಿಎ ಆಡಿ ಬದುಕಬಹುದು ಅಂತ ಲೆಕ್ಕ ಹಾಕುವವರಿಗೆ ಒಂದು ಮಾತು. 2024ರ ಡ್ರಾಫ್ಟ್‌ನಲ್ಲಿ, ಅಂದರೆ ಟೀಮ್‌ಗಳು ಹೊಸ ಆಟಗಾರ್ತಿಯರನ್ನು ಸರದಿಯಲ್ಲಿ ಆರಿಸಿಕೊಳ್ಳುವಾಗ, ಕರೆದದ್ದು 36 ಜನರನ್ನು. ಮೊದಲ ಹೆಸರು ಕ್ಲಾರ್ಕ್‌ದು, ಇಂಡಿಯಾನಾ ಫೀವರ್ ಟೀಮ್ ತಗೊಂಡಿತು. ಅವಳ ಮೊದಲ ವರ್ಷದ ಸಂಬಳ 76,535 ಡಾಲರ್, ಸಾಫ್ಟ್‌ವೇರ್‌ನಲ್ಲಿರುವ ನಮ್ಮ ಎಷ್ಟೋ ಮಕ್ಕಳ ಮೊದಲ ಸಂಬಳಕ್ಕಿಂತ ಕಡಿಮೆ. ಹಾಗಾಗಿ ಡಿಗ್ರಿ ಬಿಡಿಸುವ ಮಾತೇ ಬೇಡ.

ಬೆಂಗಳೂರಿನ ಸಂಜನಾ ರಮೇಶ್ ನಾರ್ದರ್ನ್ ಅರಿಜೋನಾ ಯೂನಿವರ್ಸಿಟಿಗೆ ಬಂದು ಡಿವಿಷನ್ 1ರಲ್ಲಿ ಆಡಿದ್ದಾರೆ, ಅಂದರೆ ನಮ್ಮ ಹುಡುಗಿಯರಿಗೂ ಈ ದಾರಿ ಹೊಸದಲ್ಲ. ನಿಮ್ಮ ಮಗಳು ಎಂಟನೆಯದರಲ್ಲೋ ಒಂಬತ್ತನೆಯದರಲ್ಲೋ ಇದ್ದರೆ ಈ ವಾರವೇ ಸ್ಕೂಲ್ ಕೌನ್ಸೆಲರ್‌ಗೆ ಮೇಲ್ ಹಾಕಿ, ಎನ್‌ಸಿಎಎ ಒಪ್ಪಿರುವ ಕೋರ್ಸ್‌ಗಳ ಪಟ್ಟಿ ಕೇಳಿ ತರಿಸಿಕೊಳ್ಳಿ.