.22 ರೈಫಲ್ ಕೊಳ್ಳುವ ಮುನ್ನ ಬ್ಯಾರೆಲ್ ಒಳಗೆ ಇಣುಕಿ ನೋಡಿ

"ಯಾವ ಕಂಪನಿಯದ್ದು ಒಳ್ಳೆಯದು ಮಾರಾಯ್ರೆ?"

.22 ರೈಫಲ್ (0.22 ಇಂಚು ಅಗಲದ ಸಣ್ಣ ಗುಂಡಿನ ಬಂದೂಕು) ಬೇಕು ಎನ್ನುವವರು ಮೊದಲು ಕೇಳುವುದೇ ಇದನ್ನು. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಲೆ 50 ಮೀಟರ್ ರೈಫಲ್‌ನಲ್ಲಿ ಕಂಚು ಗೆದ್ದ ಮೇಲಂತೂ ನನಗೆ ಈ ಪ್ರಶ್ನೆ ಜಾಸ್ತಿ ಬರುತ್ತಿದೆ. ಬ್ರನೊ, ಬಿಎಸ್‌ಎ, ಆನ್‌ಶುಟ್ಜ್ ಅಂತ ಹೆಸರು ಹೇಳಿಬಿಡುವುದು ಸುಲಭ. ಆದರೆ ಹೆಸರು ನೋಡಿ ದುಡ್ಡು ಕೊಟ್ಟು, ಮನೆಗೆ ತಂದ ಮೇಲೆ ಬ್ಯಾರೆಲ್ ತುಂಬ ತುಕ್ಕಿನ ಗುಳಿ ಕಂಡು ತಲೆ ಮೇಲೆ ಕೈ ಹೊತ್ತವರನ್ನು ಸಾಕಷ್ಟು ನೋಡಿದ್ದೇನೆ.

1980ರ ದಶಕದ ನಡುವಿನಿಂದ ನಮ್ಮ ದೇಶದಲ್ಲಿ ಸಾಮಾನ್ಯರು ವಿದೇಶಿ ಬಂದೂಕು ತರಿಸಿಕೊಳ್ಳುವಂತಿಲ್ಲ. ಆ ಅವಕಾಶ ಇರುವುದು ಹೆಸರು ಮಾಡಿದ ಶೂಟರ್‌ಗಳಿಗೆ. ಹೊಸದೇ ಬೇಕೆಂದರೆ ದೇಶದೊಳಗೆ ತಯಾರಾದದ್ದು ನೋಡಬೇಕು. ಮಿಕ್ಕಂತೆ ಕೈಗೆ ಸಿಗುವ ಒಳ್ಳೆಯ .22ಗಳಲ್ಲಿ ಹೆಚ್ಚಿನವು ನಮ್ಮ ವಯಸ್ಸಿನವು, ಇಲ್ಲವೇ ನಮಗಿಂತ ಹಿರಿಯವು. ಅಂಥದ್ದು ಕರಾವಳಿಯ ಉಪ್ಪು ಗಾಳಿಯಲ್ಲಿ ಮೂರು ತಲೆಮಾರು ಕಳೆದಿದ್ದರೆ ಮೇಲಿನ ಮುದ್ರೆಗೆ ಎಷ್ಟು ಬೆಲೆ? ಒಳಗಿನ ಕಬ್ಬಿಣ ಹೇಗಿದೆ ಅನ್ನುವುದೇ ಮುಖ್ಯ.

1. ಯಾತಕ್ಕೆ ಬೇಕು?

ಗುರಿ ಅಭ್ಯಾಸಕ್ಕೆ ಎಂದಾದರೆ ಮುಂದೆ ಓದಿ. ಅಡಿಕೆ ತೋಟಕ್ಕೆ ಬರುವ ಹಂದಿಗೆ ಎಂದಾದರೆ .22 ಬೇಡ. ಇದರ ಗುಂಡು ಸಾಮಾನ್ಯವಾಗಿ 40 ಗ್ರೇನ್, ಅಂದರೆ 2.6 ಗ್ರಾಂ ಸೀಸ. ಹಂದಿಯನ್ನು ಗಾಯಗೊಳಿಸುತ್ತದೆ, ಅಷ್ಟೇ. ಆಮೇಲೆ ಆ ಹಂದಿ ಮರುದಿನ ಅಡಿಕೆ ಹೆಕ್ಕಲು ಬಂದವರ ಮೇಲೆ ಹರಿಯುತ್ತದೆ. 1972ರ ವನ್ಯಜೀವಿ ಕಾಯ್ದೆ ಬೇರೆ ಇದೆ.

2. ಲೈಸೆನ್ಸ್

ಮಂಗಳೂರು ನಗರ ಪೊಲೀಸ್ ಕಮಿಷನರೇಟ್ ವ್ಯಾಪ್ತಿಯಲ್ಲಿದ್ದರೆ ಕಮಿಷನರ್ ಕಚೇರಿ, ದಕ್ಷಿಣ ಕನ್ನಡದಲ್ಲಿ ಅದರ ಹೊರಗೆ ಮತ್ತು ಉಡುಪಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ ಕಚೇರಿ. 21 ವರ್ಷ ತುಂಬಿರಬೇಕು. 2019ರ ತಿದ್ದುಪಡಿಯ ನಂತರ ಒಬ್ಬರ ಲೈಸೆನ್ಸ್‌ನಲ್ಲಿ ಎರಡೇ ಬಂದೂಕು. ಅಜ್ಜನ ಕಾಲದ ಕೋವಿ ಈಗಾಗಲೇ ನಿಮ್ಮ ಹೆಸರಿಗೆ ಬಂದಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಕೊಡವರಿಗೆ ಲೈಸೆನ್ಸ್‌ನಿಂದ ವಿನಾಯಿತಿ ಇದೆಯಲ್ಲ ಎಂಬ ಕಥೆ ನಮಗೆ ನಡೆಯುವುದಿಲ್ಲ.

3. ರೈಫಲ್‌ಗಿಂತ ಮೊದಲು ತೋಟೆ

ನೀವು ಕೊಳ್ಳುವ ಅಂಗಡಿಯಲ್ಲಿ ವರ್ಷವಿಡೀ ಯಾವ ತೋಟೆ ಸಿಗುತ್ತದೆ ಎಂದು ಮೊದಲು ಕೇಳಿ. ನಮಗೆ ಬೇಕಾದದ್ದು .22 ಲಾಂಗ್ ರೈಫಲ್. 1887ರಲ್ಲಿ ಬಂದ ತೋಟೆ ಇದು, ಇವತ್ತಿಗೂ ಒಲಿಂಪಿಕ್ಸ್‌ನಲ್ಲಿ ಅದೇ. ಬ್ಯಾರೆಲ್ ಮೇಲೆ ಬರೆದಿರುವುದನ್ನು ಓದಿ. .22 ಮ್ಯಾಗ್ನಂ ಎಂದಿದ್ದರೆ ಅದು ಬೇರೆಯೇ ಜಾತಿ. ಅದರಲ್ಲಿ ಲಾಂಗ್ ರೈಫಲ್ ತೋಟೆ ಹಾಕಿದರೆ ಸಡಿಲವಾಗಿ ಕೂತು, ಹೊಡೆದಾಗ ಕೇಸ್ (ತೋಟೆಯ ಲೋಹದ ಕವಚ) ಸೀಳಿಹೋಗುತ್ತದೆ.

.22ರಂಥ ರಿಮ್‌ಫೈರ್ ತೋಟೆಯಲ್ಲಿ ಬೆಂಕಿ ಹತ್ತುವ ಮದ್ದು ಹಿಂಬದಿಯ ಅಂಚಿನೊಳಗೆ ಇರುತ್ತದೆ. ಟ್ರಿಗರ್ ಒತ್ತಿದಾಗ ರೈಫಲ್‌ನ ಪಿನ್ ಆ ಅಂಚನ್ನು ಜಜ್ಜಬೇಕು. ಅಗ್ಗದ ತೋಟೆಯಲ್ಲಿ ಮದ್ದು ಸುತ್ತಲೂ ಸಮ ಹರಡಿರುವುದಿಲ್ಲ, ಹಾಗಾಗಿ ಕೆಲವು ಹೊಡೆಯುವುದೇ ಇಲ್ಲ. ಹಾಗಾದರೆ ಬ್ಯಾರೆಲ್ ಗುರಿಯ ಕಡೆಗೇ ಇರಲಿ, ಅರ್ಧ ನಿಮಿಷ ಕಾದು ಬೋಲ್ಟ್ (ಬ್ಯಾರೆಲ್‌ನ ಹಿಂಬದಿ ಮುಚ್ಚುವ ಭಾಗ) ತೆರೆಯಿರಿ. ತಡವಾಗಿ ಹೊಡೆಯುವ ತೋಟೆಗಳೂ ಇರುತ್ತವೆ.

"ಹೈ ವೆಲಾಸಿಟಿ" ಎಂದು ಬರೆದ ಪೆಟ್ಟಿಗೆಗೆ ಮರುಳಾಗಬೇಡಿ. ಸ್ಟ್ಯಾಂಡರ್ಡ್ ತೋಟೆಯ ವೇಗ ಸೆಕೆಂಡಿಗೆ ಸುಮಾರು 320–330 ಮೀಟರ್, ಶಬ್ದದ ವೇಗಕ್ಕಿಂತ ಸ್ವಲ್ಪ ಕಡಿಮೆ. ಹೈ ವೆಲಾಸಿಟಿ ಗುಂಡು ಶಬ್ದವನ್ನು ದಾಟಿ ಹೊರಟು, ದಾರಿಯಲ್ಲಿ ವೇಗ ಕಳೆದುಕೊಳ್ಳುವಾಗ ಅಲುಗಾಡುತ್ತದೆ. ಅಡ್ಡ ಗಾಳಿಗೂ ಇದೇ ಹೆಚ್ಚು ಸರಿಯುತ್ತದೆ. ಜೋರಾಗಿ ಹೋಗುವುದು ನೇರ ಹೋಗಬೇಕಲ್ವಾ ಎನ್ನುತ್ತಾರೆ. ಇಲ್ಲ.

4. ಬೋಲ್ಟ್ ಆ್ಯಕ್ಷನ್ ತೆಗೆದುಕೊಳ್ಳಿ

ಅಂದರೆ ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಿಂದ ಎಳೆಯುವಂಥದ್ದು. ಇದರಲ್ಲಿ ಚರ್ಚೆಯೇ ಬೇಡ. 1964ರಿಂದ ಬರುತ್ತಿರುವ ರೂಗರ್ 10/22 ಥರದ, ಮುಂದಿನ ತೋಟೆಯನ್ನು ತಾನೇ ತುಂಬಿಕೊಳ್ಳುವ ರೈಫಲ್ ಅಮೆರಿಕದವರ ವಿಡಿಯೊಗಳಲ್ಲಿ ಚಂದ ಕಾಣುತ್ತದೆ. ಅವರಿಗೆ ಮೂಲೆ ಅಂಗಡಿಯಲ್ಲೂ ಬಿಡಿಭಾಗ ಸಿಗುತ್ತದೆ. ಇಲ್ಲಿ ಒಂದು ಸ್ಪ್ರಿಂಗ್ ಮುರಿದರೆ ನೀವೇ ತಿರುಗಾಡಬೇಕು. ನನ್ನನ್ನು ಕೇಳಿದರೆ ಹಳೆಯ ಬ್ರನೊ ಮಾಡೆಲ್ 1 ಅಥವಾ 2. ಅದರ ಮ್ಯಾಗಜಿನ್ (ತೋಟೆ ತುಂಬುವ ಡಬ್ಬಿ) ಮತ್ತು ನಂತರದ ಸಿಝಡ್ 452ರ ಮ್ಯಾಗಜಿನ್ ಒಂದಕ್ಕೊಂದು ಹೊಂದುತ್ತವೆ. ಎಡಗೈಯವರಾದರೆ ಮಾತ್ರ, ಬೋಲ್ಟ್ ಆ್ಯಕ್ಷನ್ ಅಲ್ಲದಿದ್ದರೂ ಬಿಎಸ್‌ಎ ಮಾರ್ಟಿನಿ ಸಿಕ್ಕರೆ ಬಿಡಬೇಡಿ. ಕೆಳಕ್ಕೆ ಎಳೆಯುವ ಲಿವರ್ ಇರುವುದರಿಂದ ಯಾವ ಕೈಯಾದರೂ ಒಂದೇ.

5. ಭುಜಕ್ಕೆ ಕೂರುತ್ತದಾ?

ಕಣ್ಣು ಮುಚ್ಚಿ ರೈಫಲ್ ಎತ್ತಿ ಕೆನ್ನೆಗೆ ಒರಗಿಸಿ. ಕಣ್ಣು ತೆರೆದಾಗ ಗುರಿ ಹಿಡಿಯುವ ಸೈಟ್ ನೇರ ಕಾಣಬೇಕು. ಕತ್ತು ಚಾಚಬೇಕಾಗಿ ಬಂದರೆ ನಿಮ್ಮದಲ್ಲ. ಸ್ಪರ್ಧೆಯ ರೈಫಲ್ 5–8 ಕಿಲೋ ತೂಗುತ್ತದೆ, ಸಾದಾ ರೈಫಲ್ 3 ಕಿಲೋ ಆಸುಪಾಸು. ಕಾಲೇಜಿನ ಎನ್‌ಸಿಸಿ ಕ್ಯಾಂಪ್‌ನಲ್ಲಿ ಮಲಗಿ .22 ಹೊಡೆದ ನೆನಪಿನಲ್ಲಿ ಭಾರದ್ದನ್ನು ಕೊಳ್ಳುವವರು, ಅದನ್ನೇ ನಿಂತು ಐದು ನಿಮಿಷ ಹಿಡಿದು ನೋಡಿ.

6. ಪರೀಕ್ಷೆ: ಇಲ್ಲಿ ಅವಸರ ಬೇಡವೇ ಬೇಡ

ಎಲ್ಲರೂ ಎಡವುವುದು ಇಲ್ಲಿಯೇ. ಮಾರುವವರ ಮನೆಗೆ ಹೋಗುತ್ತಾರೆ, ಚಾ ಕುಡಿಯುತ್ತಾರೆ, ಮರದ ಪಾಲಿಶ್ ನೋಡುತ್ತಾರೆ, ಬೋಲ್ಟ್ ಎರಡು ಸಲ ಎಳೆದು "ಸ್ಮೂತ್ ಉಂಟು" ಎಂದು ಅಡ್ವಾನ್ಸ್ ಕೊಟ್ಟು ಬರುತ್ತಾರೆ.

ಹೋಗುವಾಗ ಒಂದು ಸಣ್ಣ ಟಾರ್ಚ್, ಕಿವಿಯ ಹತ್ತಿಕಡ್ಡಿ, .22ರ ಕ್ಲೀನಿಂಗ್ ರಾಡ್, ಹಳೇ ಬನಿಯನ್ ಬಟ್ಟೆ ತೆಗೆದುಕೊಂಡು ಹೋಗಿ. ಕೈಗೆ ಕೊಟ್ಟ ಕೂಡಲೇ ಮ್ಯಾಗಜಿನ್ ತೆಗೆದು, ಬೋಲ್ಟ್ ತೆರೆದು, ಚೇಂಬರ್ (ಬ್ಯಾರೆಲ್‌ನಲ್ಲಿ ತೋಟೆ ಕೂರುವ ಜಾಗ) ಖಾಲಿ ಇದೆಯೇ ಎಂದು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ನೋಡಿ. ಮಾರುವವರು "ಖಾಲಿಯೇ" ಎಂದರೂ ನೋಡಿ.

ಆಮೇಲೆ ಬೋಲ್ಟ್ ಹೊರಗೆ ತೆಗೆಸಿ. ಬ್ಯಾರೆಲ್ ಒಳಗೆ ಈಗಲೇ ಇಣುಕಬೇಡಿ! ಎಣ್ಣೆ ಬಳಿದ ಬ್ಯಾರೆಲ್ ಯಾವುದಾದರೂ ಹೊಳೆಯುತ್ತದೆ, ಗುಳಿಗಳೆಲ್ಲ ಎಣ್ಣೆಯಲ್ಲಿ ಮುಚ್ಚಿಹೋಗಿರುತ್ತವೆ. ಮೊದಲು ಒಣ ಬಟ್ಟೆ ಹಾಯಿಸಿ. ರಾಡ್ ಚೇಂಬರ್ ಕಡೆಯಿಂದಲೇ ಹೋಗಲಿ. ಬಟ್ಟೆ ಬೂದು ಬಣ್ಣದ್ದಾಗಿ ಬಂದರೆ ಮಸಿ ಮತ್ತು ಸೀಸ, ಚಿಂತೆ ಇಲ್ಲ. ಕಂದು ಬಣ್ಣ ಬಂದರೆ ತುಕ್ಕು. ಬಟ್ಟೆಗೆ ಏನೂ ಹತ್ತದವರೆಗೆ ಒರೆಸಿ, ಆಮೇಲೆ ತುದಿಯಲ್ಲಿ ಟಾರ್ಚ್ ಹಿಡಿಸಿ ಹಿಂದಿನಿಂದ ನೋಡಿ.

ಸುರುಳಿ ಗೆರೆಗಳ ಅಂಚು ಚೂಪಾಗಿ ಕಾಣಬೇಕು. ನಡುವೆ ಅಲ್ಲೊಂದು ಇಲ್ಲೊಂದು ಕಪ್ಪು ಚುಕ್ಕಿ ಇದ್ದರೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ. ತುದಿಯ ಕೊನೆಯ ಎರಡು ಇಂಚಿನಲ್ಲಿ ಗುಳಿ ಇದ್ದರೆ ಮಾತ್ರ ಬೇಡವೇ ಬೇಡ, ಏಕೆಂದರೆ ಗುಂಡು ಬ್ಯಾರೆಲ್ ಬಿಡುವುದು ಅಲ್ಲಿಂದ. ಎಲ್ಲೋ ಒಂದು ಕಡೆ ಉಂಗುರದ ಹಾಗೆ ಕಪ್ಪು ನೆರಳು ಕಂಡರೆ ಬ್ಯಾರೆಲ್ ಉಬ್ಬಿದೆ ಎಂದರ್ಥ. ಒಂದು ಗುಂಡು ಒಳಗೇ ಸಿಕ್ಕಿಕೊಂಡಿದ್ದಾಗ ಇನ್ನೊಂದು ಹೊಡೆದಿದ್ದಾರೆ. ಅನುಮಾನ ಬಂದರೆ ಬಿಗಿಯಾಗಿ ಕೂರುವಷ್ಟು ಬಟ್ಟೆ ಹಾಕಿ ರಾಡನ್ನು ನಿಧಾನ ತಳ್ಳಿ. ಉಬ್ಬಿದ ಜಾಗದಲ್ಲಿ ಕೈಗೆ ಸಡಿಲ ಗೊತ್ತಾಗುತ್ತದೆ, ಮತ್ತೆ ಬಿಗಿಯಾಗುತ್ತದೆ.

ಈಗ ಬ್ಯಾರೆಲ್ ತುದಿಯ ಅಂಚು. ಹತ್ತಿಕಡ್ಡಿಯನ್ನು ಅದರ ಸುತ್ತ ಮೆಲ್ಲಗೆ ತಿರುಗಿಸಿ. ಹತ್ತಿಯ ಎಳೆ ಸಿಕ್ಕಿಕೊಂಡರೆ ಅಲ್ಲಿ ಕಚ್ಚು ಬಿದ್ದಿದೆ. ಸ್ಟೀಲ್ ರಾಡನ್ನು ಮುಂದಿನಿಂದ ತುರುಕಿ ಕ್ಲೀನ್ ಮಾಡುವವರ ಕೆಲಸ ಇದು. ಒಳ್ಳೆಯ ಕುಶಲಕರ್ಮಿ ಇದನ್ನು ಸರಿ ಮಾಡಬಲ್ಲ, ಅದಕ್ಕೆ ತಕ್ಕಂತೆ ಬೆಲೆ ಇಳಿಸಿ.

ಚೇಂಬರ್ ಬಾಯಿಯನ್ನೂ ನೋಡಿ. ತೋಟೆ ಇಲ್ಲದೆ ಸುಮ್ನೆ ಟ್ರಿಗರ್ ಒತ್ತುವ ಚಾಳಿ ಇದ್ದವರ ಹಳೆಯ ರೈಫಲ್‌ನಲ್ಲಿ ಪಿನ್ ನೇರ ಚೇಂಬರ್ ಅಂಚಿಗೇ ಬಡಿದು ಗುರುತು ಬಿದ್ದಿರುತ್ತದೆ. ತೋಟೆ ಒಳಗೆ ಹೋಗಲು ಒದ್ದಾಡುತ್ತದೆ, ಹೊಡೆದ ಮೇಲೆ ಕೇಸ್ ಬರುವುದಿಲ್ಲ. ನೀವೂ ಖಾಲಿ ಹೊಡೆಯಬೇಡಿ. ಮಾರುವವರ ಬಳಿ ಹೊಡೆದ ಖಾಲಿ ಕೇಸ್ ಕೇಳಿ, ಅದನ್ನು ಒಳಗಿಟ್ಟು ಟ್ರಿಗರ್ ನೋಡಿ. ಸೇಫ್ಟಿ ಹಾಕಿ ಟ್ರಿಗರ್ ಒತ್ತಿ, ಕೈ ಬಿಡಿ, ಸೇಫ್ಟಿ ತೆಗೆಯಿರಿ. ಪಿನ್ ತಾನಾಗಿ ಬೀಳಬಾರದು. ಭುಜಕ್ಕೆ ಒರಗುವ ಬಟ್‌ಗೆ ಅಂಗೈಯಿಂದ ಗುದ್ದಿದರೂ ಬೀಳಬಾರದು. ಬಿದ್ದರೆ ಬೆಲೆ ಎಷ್ಟೇ ಕಡಿಮೆ ಇರಲಿ, ನಮಸ್ಕಾರ ಹೇಳಿ ಹೊರಡಿ. ಅಂದ ಹಾಗೆ, ಸಿಝಡ್ 452ರಲ್ಲಿ ಸೇಫ್ಟಿಯ ದಿಕ್ಕು ಬೇರೆಯವಕ್ಕೆ ಉಲ್ಟಾ. ಮುಂದಕ್ಕೆ ತಳ್ಳಿದರೆ ಸೇಫ್. ಗೊತ್ತಿಲ್ಲದೆ ಕೈ ಹಾಕಬೇಡಿ.

ಮರದ ವಿಷಯ: ಹಿಡಿಯ ಸಪೂರ ಜಾಗದಲ್ಲಿ ಬಿರುಕು, ಬಟ್ ಪ್ಲೇಟ್ ಅಡಿಯಲ್ಲಿ ಗೆದ್ದಲು. ಪ್ಲೇಟ್ ಬಿಚ್ಚಿಸಿಯೇ ನೋಡಿ.

7. ಹೊಡೆದು ನೋಡುವುದು

ಮಾರುವವರು ಲೈಸೆನ್ಸ್ ಇರುವ ರೇಂಜ್‌ಗೆ ಬರಲು ಒಪ್ಪಬೇಕು. ಹಳೇ ಮುರಕಲ್ಲಿನ ಕೋರೆಯಲ್ಲಿ ಹೊಡೆಯೋಣ ಎಂದರೆ ಒಪ್ಪಬೇಡಿ. ಗಟ್ಟಿ ಕಲ್ಲಿಗೂ ನಿಂತ ನೀರಿಗೂ ತಾಗಿ ಸೀಸದ ಗುಂಡು ಎಲ್ಲಿಗೆ ಬೇಕಾದರೂ ಚಿಮ್ಮುತ್ತದೆ. ಮೇಲಕ್ಕೆ ಹೋದ .22 ಗುಂಡು ಒಂದೂವರೆ ಕಿಲೋಮೀಟರ್ ದೂರ ಹೋಗಬಲ್ಲದು. ನಮ್ಮಲ್ಲಿ ಮನೆಗಳು ಒಂದೇ ಕಡೆ ಗುಂಪಾಗಿಲ್ಲ, ತೋಟಕ್ಕೊಂದು ಮನೆ. "ಆಚೆ ಯಾರೂ ಇಲ್ಲ" ಎಂಬ ಮಾತು ಈ ಎರಡು ಜಿಲ್ಲೆಗಳಲ್ಲಿ ನಿಜವಾಗುವುದು ಅಪರೂಪ.

ಬೆಳಿಗ್ಗೆ ಬೇಗ ಹೋಗಿ. ಹೊತ್ತು ಏರಿದ ಹಾಗೆ ಕಡಲ ಗಾಳಿ ಶುರುವಾಗುತ್ತದೆ, ಆಮೇಲೆ ರೈಫಲ್‌ನ ತಪ್ಪು ಯಾವುದು, ಗಾಳಿಯ ತಪ್ಪು ಯಾವುದು ಗೊತ್ತಾಗುವುದಿಲ್ಲ. 50 ಮೀಟರ್‌ಗೆ, ಮರಳು ಚೀಲದ ಮೇಲೆ ಒರಗಿಸಿ, ಐದೈದು ಗುಂಡಿನ ಐದು ಗುಂಪು. ತೋಟೆಯ ಬ್ರ್ಯಾಂಡ್ ಬದಲಿಸಿದರೆ ಮೊದಲ ಹತ್ತು–ಹದಿನೈದು ಗುಂಡು ಲೆಕ್ಕಕ್ಕೆ ಬೇಡ. ಗುಂಡಿನ ಮೇಲಿನ ಮೇಣ ಬ್ಯಾರೆಲ್ ಒಳಗೆ ಹೊಸದಾಗಿ ಕೂರಬೇಕು. ಮೂರು ಗುಂಡು ಹೊಡೆದು ಒಂದೇ ತೂತು ತೋರಿಸಿ "ನೋಡಿ!" ಎನ್ನುವವರ ಮಾತಿಗೆ ಬೆಲೆ ಇಲ್ಲ. ಮೂರು ಗುಂಡು ಅದೃಷ್ಟದಿಂದಲೂ ಒಂದೇ ಕಡೆ ಬೀಳುತ್ತವೆ.

ಅಳೆಯುವುದು ಹೀಗೆ: ಅತಿ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು, 5.6 ಮಿ.ಮೀ. ಕಳೆಯಿರಿ. ಸಾದಾ ರೈಫಲ್‌ಗೆ ಐದೂ ಗುಂಪುಗಳ ಸರಾಸರಿ 25 ಮಿ.ಮೀ. ಒಳಗಿದ್ದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಸ್ಪರ್ಧೆಗೆ ಹೋಗುವ ಆಸೆ ಇದ್ದರೆ ಅದು ಸಾಲದು, ಅಲ್ಲಿ ಹತ್ತು ಅಂಕ ಸಿಗುವ ವೃತ್ತದ ಅಗಲವೇ 10.4 ಮಿ.ಮೀ. ಗುಂಪು ಹರಡಿದರೆ ಕೂಡಲೇ ರೈಫಲ್ ತಿರಸ್ಕರಿಸಬೇಡಿ, ಇನ್ನೊಂದು ಬ್ರ್ಯಾಂಡ್ ತೋಟೆ ಹಾಕಿ. ಒಂದೇ ಮಾಡೆಲ್‌ನ ಎರಡು ರೈಫಲ್‌ಗಳಿಗೆ ಬೇರೆ ಬೇರೆ ತೋಟೆ ಇಷ್ಟವಾಗುವುದು .22ರಲ್ಲಿ ಮಾಮೂಲು.

ಬಿದ್ದ ಕೇಸ್‌ಗಳನ್ನು ಹೆಕ್ಕಿ ನೋಡಿ. ಪಿನ್ ಗುರುತು ಎಲ್ಲದರಲ್ಲೂ ಒಂದೇ ಜಾಗದಲ್ಲಿ, ಒಂದೇ ಆಳಕ್ಕೆ ಇರಬೇಕು. ಅಲ್ಲೊಂದು ಆಳ, ಇಲ್ಲೊಂದು ತೇಲು ಎಂದಾದರೆ ಸ್ಪ್ರಿಂಗ್ ಸೋತಿದೆ.

ಸ್ಕೋಪ್ (ರೈಫಲ್ ಮೇಲೆ ಕೂರಿಸುವ ದುರ್ಬೀನು) ಬಗ್ಗೆ ಒಂದು ಮಾತು. ರೈಫಲ್ ಜೊತೆ "ಫ್ರೀ" ಕೊಡುವ, ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಸ್ಕೋಪ್‌ಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಜೂನ್ ತಿಂಗಳು ಬರಲಿ, ಗಾಜಿನ ಒಳಗಡೆಯೇ ಮಂಜು ಕೂರುತ್ತದೆ. ದೊಡ್ಡ ರೈಫಲ್‌ಗೆ ಮಾಡಿದ ಸ್ಕೋಪ್‌ನ ಗಾಜು, ಕಣ್ಣು ಅಲುಗಿದರೂ ಗೆರೆ ಗುರಿಯಿಂದ ಸರಿಯದಂತೆ, ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರುತ್ತದೆ, .22ಗೆ ಬೇಕಾದದ್ದು 50ಕ್ಕೆ ಹೊಂದಿಸಿದ್ದು.

8. ಕಾಗದ, ಆಮೇಲೆ ಮಳೆಗಾಲ

ರೈಫಲ್ ಮೇಲಿನ ನಂಬರ್ ಮತ್ತು ಮಾರುವವರ ಲೈಸೆನ್ಸ್‌ನಲ್ಲಿರುವ ನಂಬರ್ ಒಂದೊಂದೇ ಅಂಕಿ ತಾಳೆ ನೋಡಿ. ವ್ಯಕ್ತಿಯಿಂದ ನೇರ ಕೊಳ್ಳುವುದಾದರೆ ಮಾರುವವರು ಅಧಿಕಾರಿಗೆ ಬರಹದಲ್ಲಿ ತಿಳಿಸಿ 45 ದಿನ ಕಳೆಯಬೇಕು. ಅದಕ್ಕೆ ಮುಂಚೆ "ಮನೆಯಲ್ಲಿ ಇಟ್ಟುಕೊಂಡಿರಿ" ಎಂದರೆ ಇಟ್ಟುಕೊಳ್ಳಬೇಡಿ.

ಮನೆಗೆ ಬಂದ ಮೇಲೆ ತೆಂಗಿನೆಣ್ಣೆ ಹಚ್ಚಬೇಡಿ. ದಿನ ಕಳೆದಂತೆ ಅಂಟಾಗಿ ಬೋಲ್ಟ್ ಹಿಡಿದುಕೊಳ್ಳುತ್ತದೆ. ಹೊಲಿಗೆ ಯಂತ್ರದ ಎಣ್ಣೆ ತೆಳುವಾಗಿ ಸವರಿದರೆ ಸಾಕು. ಸ್ಪಂಜಿನ ಚೀಲದಲ್ಲಿ ಇಟ್ಟು ಮರೆತರೆ ಆ ಸ್ಪಂಜು ತೇವ ಹೀರಿ ಒಂದೇ ಮಳೆಗಾಲದಲ್ಲಿ ರೈಫಲ್ ಹಾಳು ಮಾಡುತ್ತದೆ. ಬೀಗ ಹಾಕಿದ ಕಬ್ಬಿಣದ ಕಪಾಟು, ಒಳಗೆ ಸಿಲಿಕಾ ಜೆಲ್, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ತೆಗೆದು ಒರೆಸುವುದು. ತೋಟೆ ಬೇರೆ ಕಡೆ, ಬೇರೆ ಬೀಗದಲ್ಲಿ.

ಚುನಾವಣೆ ಬಂದಾಗ ಠಾಣೆಯಲ್ಲಿ ಠೇವಣಿ ಇಡಿ ಎಂದು ಹೇಳಿಕಳುಹಿಸುತ್ತಾರೆ. ಇಡುವ ಹಿಂದಿನ ದಿನ ಬ್ಯಾರೆಲ್ ಒರೆಸಿ, ಈ ಸಲ ಎಣ್ಣೆ ಸ್ವಲ್ಪ ಧಾರಾಳವಾಗಿಯೇ ಹಚ್ಚಿ. ಸ್ಕೋಪ್ ಬಿಚ್ಚಿ ಮನೆಯಲ್ಲಿಡಿ. ರಸೀದಿಯಲ್ಲಿ ನಂಬರ್ ಸರಿಯಾಗಿ ಬರೆದಿದ್ದಾರಾ ಎಂದು ಅಲ್ಲೇ ನಿಂತು ಓದಿ. ವಾಪಸ್ ತಂದ ದಿನವೇ ಒಣ ಬಟ್ಟೆ ಹಾಯಿಸಿ, ಮತ್ತೆ ಟಾರ್ಚ್ ಹಾಕಿ ನೋಡಿ.