ಸಾಲಿನಲ್ಲಿ ನಿಲ್ಲಿಸಿ ಫುಟ್‌ಬಾಲ್ ಕಲಿಸಲಾಗದು: ಎಂಟರಿಂದ ಹನ್ನೆರಡರ ಮಕ್ಕಳ ತರಬೇತಿ

ಭಾನುವಾರ ಬೆಳಿಗ್ಗೆ ಬೆಂಗಳೂರಿನ ಬಡಾವಣೆಗಳ ಮೈದಾನಗಳಲ್ಲಿ ಒಂದು ದೃಶ್ಯ ಸಾಮಾನ್ಯವಾಗಿ ಕಣ್ಣಿಗೆ ಬೀಳುತ್ತದೆ. ಇಪ್ಪತ್ತು ಮಕ್ಕಳು ಒಂದೇ ಸಾಲಿನಲ್ಲಿ ನಿಂತಿರುತ್ತಾರೆ. ಕೋಚ್ ಸೀಟಿ ಊದಿದಾಗ ಮುಂದಿದ್ದವನು ಚೆಂಡನ್ನು ಕೋನ್‌ಗಳ ನಡುವೆ ಉರುಳಿಸಿಕೊಂಡು ಹೋಗಿ, ಗೋಲಿಗೆ ಒದ್ದು, ಸಾಲಿನ ಬಾಲಕ್ಕೆ ಬಂದು ಸೇರುತ್ತಾನೆ. ನೋಡುವುದಕ್ಕೆ ಶಿಸ್ತಾಗಿದೆ. ಆದರೆ ಲೆಕ್ಕ ಹಾಕಿ ನೋಡಬೇಕು. ಒಬ್ಬನ ಸರದಿಗೆ 15 ಸೆಕೆಂಡ್ ಎಂದರೆ ಇಪ್ಪತ್ತು ಮಕ್ಕಳ ಒಂದು ಸುತ್ತಿಗೆ 5 ನಿಮಿಷ ಬೇಕು. ಒಂದು ಗಂಟೆಯಲ್ಲಿ ಪ್ರತಿ ಮಗುವಿಗೂ ಹನ್ನೆರಡು ಸರದಿ, ಅಂದರೆ ಚೆಂಡಿನ ಜೊತೆ 3 ನಿಮಿಷ. ಉಳಿದ 57 ನಿಮಿಷ ಅದು ಕಲಿಯುವುದು ಬಿಸಿಲಲ್ಲಿ ನಿಲ್ಲುವುದನ್ನು.

ಹಲಸೂರಿನ ಬಳಿಯ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯಿದೆ. ಇಕ್ಕಟ್ಟಾದ ಅಂಥ ಬಡಾವಣೆಗಳ ಮಕ್ಕಳಿಗೆ ಚೆಂಡಿನ ಮೇಲೆ ಹಿಡಿತ ಬಂದದ್ದು ದೊಡ್ಡ ಮೈದಾನದಿಂದಲ್ಲ. ಕಿರಿದಾದ ಜಾಗದಲ್ಲಿ ಕೆಲವೇ ಮಂದಿ ಆಡುವಾಗ ಚೆಂಡು ಮತ್ತೆ ಮತ್ತೆ ಕಾಲಿಗೆ ಬರುವುದರಿಂದ, ಬಂದೊಡನೆ ಎದುರಾಳಿಯೂ ಮೈಮೇಲೆ ಬರುವುದರಿಂದ. ತರಬೇತುದಾರನ ಮೊದಲ ಕೆಲಸ ಆ ಗಲ್ಲಿಯನ್ನು ಮೈದಾನದೊಳಗೆ ಕಟ್ಟಿಕೊಡುವುದು. ಹದಿನಾರು ಮಕ್ಕಳಿದ್ದರೆ ಸುಮಾರು 30 ಮೀಟರ್ ಉದ್ದ, 20 ಮೀಟರ್ ಅಗಲದ ಎರಡು ಅಂಕಣಗಳನ್ನು ಗುರುತಿಸಿ, ನಾಲ್ವರ ಎದುರು ನಾಲ್ವರನ್ನು ಆಡಿಸಬೇಕು. ಗೋಲಿಗೆ ಎರಡು ಇಟ್ಟಿಗೆ ಸಾಕು, ಗೋಲ್‌ಕೀಪರ್ ಬೇಡ. ಈ ವಯಸ್ಸಿಗೆ 4ನೇ ಸೈಜಿನ ಚೆಂಡು ಸರಿಯಾದದ್ದು: ಅದರ ಸುತ್ತಳತೆ ಸುಮಾರು 65 ಸೆಂಟಿಮೀಟರ್. ಅಂಗಡಿಯವರು ‘ದೊಡ್ಡವನಾದ ಮೇಲೂ ಬರುತ್ತದೆ’ ಎಂದು ಕೊಡುವ 5ನೇ ಸೈಜಿನ ಚೆಂಡು 410ರಿಂದ 450 ಗ್ರಾಂ ತೂಗುತ್ತದೆ, ಅದನ್ನು ಒದೆಯಲು ಎಂಟು ವರ್ಷದ ಮಗು ಇಡೀ ಮೈಯನ್ನೇ ತಿರುಚಬೇಕಾಗುತ್ತದೆ. ಒಂದು ಅಳತೆ ದೊಡ್ಡದಾದ ಬೂಟು ಕೊಡಿಸುವ ಪೋಷಕರಿಗೂ ಇದೇ ಮಾತು ಹೇಳಬೇಕು.

ಆಟ ಶುರುವಾದೊಡನೆ ಬೆಲ್ಲಕ್ಕೆ ಇರುವೆ ಮುತ್ತಿದಂತೆ ಎಲ್ಲರೂ ಚೆಂಡಿನ ಸುತ್ತ ಸೇರುತ್ತಾರೆ. ‘ಚದುರಿಕೊಳ್ಳಿ’ ಎಂದು ಕೂಗಿದರೆ ಐದು ಸೆಕೆಂಡ್ ಚದುರಿ ಮತ್ತೆ ಮುತ್ತುತ್ತಾರೆ, ಏಕೆಂದರೆ ಚದುರಿಕೊಳ್ಳಲು ಅವರಿಗೆ ಕಾರಣವೇ ಕಾಣುವುದಿಲ್ಲ. ಕೂಗುವುದಕ್ಕಿಂತ ಆಟವನ್ನೇ ಬದಲಿಸುವುದು ಮೇಲು. ಪ್ರತಿ ತಂಡಕ್ಕೂ ನಡುವಿನ ಒಂದು ಗೋಲಿನ ಬದಲು ಎರಡು ಮೂಲೆಗಳಲ್ಲಿ ಎರಡು ಪುಟ್ಟ ಗೋಲುಗಳನ್ನಿಟ್ಟರೆ, ಗುಂಪು ಒಂದು ಮೂಲೆಯಲ್ಲಿ ಗುದ್ದಾಡುತ್ತಿರುವಾಗ ಇನ್ನೊಂದು ಮೂಲೆ ಬರಿದಾಗಿರುವುದನ್ನು ಯಾವುದೋ ಒಂದು ಮಗು ಬೇಗ ಕಂಡುಕೊಳ್ಳುತ್ತದೆ, ಉಳಿದವರು ಅದನ್ನು ನೋಡಿ ಕಲಿಯುತ್ತಾರೆ.

ಹಾಗೆಂದು ಎಲ್ಲವನ್ನೂ ಆಟವೇ ಕಲಿಸುವುದಿಲ್ಲ. ಪಾದದ ಒಳಬದಿಯಿಂದ ಪಾಸ್ ಕೊಡುವುದನ್ನು ಕೂತು, ಮಗುವಿನ ಕಾಲನ್ನು ಕೈಯಿಂದ ಹಿಡಿದೇ ತೋರಿಸಬೇಕು. ಊರಿದ ಕಾಲು ಚೆಂಡಿನ ಪಕ್ಕಕ್ಕೆ, ಒಂದು ಗೇಣಿಗಿಂತ ಹೆಚ್ಚು ದೂರವಾಗದಂತೆ ಬರಬೇಕು. ಅದರ ಬೆರಳುಗಳು ಪಾಸ್ ಹೋಗಬೇಕಾದ ಕಡೆಗೆ ನೋಡುತ್ತಿರಬೇಕು. ಒದೆಯುವ ಪಾದ ಹೊರಕ್ಕೆ ತಿರುಗಿ, ಬೆರಳು ತುಸು ಮೇಲೆದ್ದು, ಕಣಕಾಲು ಬಿಗಿಯಾಗಿರಬೇಕು. ಪಾಸ್ ಸೊಟ್ಟಗೆ ಹೋದಾಗ ನಾವೆಲ್ಲ ಒದ್ದ ಕಾಲನ್ನು ದೂರುತ್ತೇವೆ. ಹೆಚ್ಚಿನ ಸಲ ತಪ್ಪು ಊರಿದ ಕಾಲಿನದು. ಇದಕ್ಕಿಂತ ಕಷ್ಟದ್ದು ಚೆಂಡು ಬರುವ ಮುನ್ನವೇ ಸುತ್ತ ನೋಡುವ ಅಭ್ಯಾಸ. ಇಬ್ಬರು ಮಕ್ಕಳು ಪರಸ್ಪರ ಪಾಸ್ ಕೊಡುತ್ತಿರುವಾಗ, ಪಡೆಯುವವನ ಬೆನ್ನ ಹಿಂದೆ ಮೂರನೆಯವನು ನಿಂತು ಕೈಬೆರಳುಗಳನ್ನು ಎತ್ತಲಿ. ಚೆಂಡು ಕಾಲಿಗೆ ತಾಗುವ ಮೊದಲು ಹೆಗಲ ಮೇಲಿಂದ ತಿರುಗಿ ನೋಡಿ ಎಷ್ಟು ಬೆರಳೆಂದು ಹೇಳಬೇಕು. ಮಕ್ಕಳಿಗೆ ಇದು ತಮಾಷೆಯ ಆಟ.

ಒಂದು ದಿನಕ್ಕೆ ಒಂದೇ ವಿಷಯವನ್ನು ತಿದ್ದಬೇಕೆಂಬುದು ನಾನು ತಡವಾಗಿ ಕಲಿತ ಪಾಠ. ಮೊದಲ ವರ್ಷಗಳಲ್ಲಿ ಗೆರೆಯಾಚೆ ನಿಂತು ‘ಪಾಸ್ ಕೊಡು, ಹಿಂದೆ ಬಾ, ಹೊಡಿ’ ಎಂದು ಕೂಗುತ್ತಲೇ ಇರುತ್ತಿದ್ದೆ. ಒಂದು ಪಂದ್ಯದಲ್ಲಿ ಒಬ್ಬ ಹುಡುಗ ಗೋಲಿನ ಮುಂದೆ ಒಬ್ಬನೇ ನಿಂತಿದ್ದಾಗ, ಚೆಂಡನ್ನು ಕಾಲಡಿಗೆ ಒತ್ತಿ ಹಿಡಿದು, ಮುಂದೇನು ಎಂದು ನನ್ನ ಮುಖ ನೋಡಿದ. ಅಷ್ಟರಲ್ಲಿ ಚೆಂಡು ಎದುರಾಳಿಯ ಪಾಲಾಯಿತು. ಅಲ್ಲಿಂದ ಮುಂದೆ ಚೆಂಡು ಹೊಂದಿರುವ ಮಗುವಿಗೆ ನಾನು ಏನನ್ನೂ ಹೇಳುವುದಿಲ್ಲ. ಹೇಳುವುದೇನಿದ್ದರೂ ಚೆಂಡು ಹೊರಗೆ ಹೋದಾಗ, ಅದೂ ‘ಅಲ್ಲಿ ಬೇರೆ ಏನು ಮಾಡಬಹುದಿತ್ತು?’ ಎಂಬ ಪ್ರಶ್ನೆಯ ರೂಪದಲ್ಲಿ. ಪೋಷಕರಿಗೂ ಚಪ್ಪಾಳೆ ತಟ್ಟಿದರೆ ಸಾಕು, ಸೂಚನೆ ಕೊಡಬೇಡಿ ಎಂದು ಮೊದಲ ದಿನವೇ ವಿನಂತಿಸಿಕೊಳ್ಳುವುದು ಒಳ್ಳೆಯದು.

ಮೈದಾನದ ಸುತ್ತ ಐದು ಸುತ್ತು ಓಡಿಸಿ ಮೈ ಬಿಸಿ ಮಾಡಿಸುವ ಪದ್ಧತಿಯನ್ನು ಬಿಡಬಹುದು. ಫಿಫಾ ಏಳರಿಂದ ಹದಿಮೂರು ವರ್ಷದವರಿಗಾಗಿ ‘11+ ಕಿಡ್ಸ್’ ಎಂಬ ಅಭ್ಯಾಸಕ್ರಮವನ್ನು ರೂಪಿಸಿದೆ. ಒಂಟಿಗಾಲಲ್ಲಿ ಸಮತೋಲನ, ಜಿಗಿದು ಸರಿಯಾಗಿ ಇಳಿಯುವುದು, ಬಿದ್ದಾಗ ಉರುಳುವುದು ಇವೆಲ್ಲ ಅದರಲ್ಲಿವೆ. ನಮ್ಮ ಗಟ್ಟಿ ಕೆಮ್ಮಣ್ಣಿನ ಮೈದಾನಗಳಲ್ಲಿ ಬೀಳುವ ವಿದ್ಯೆ ಅತ್ಯಗತ್ಯ. ತಲೆಯಿಂದ ಚೆಂಡು ಹೊಡೆಯುವುದನ್ನು ಈ ವಯಸ್ಸಿನಲ್ಲಿ ಅಭ್ಯಾಸ ಮಾಡಿಸದಿರುವುದೇ ಸರಿ; ಇಂಗ್ಲೆಂಡ್ ಮತ್ತು ಸ್ಕಾಟ್‌ಲೆಂಡ್‌ನ ಫುಟ್‌ಬಾಲ್ ಸಂಸ್ಥೆಗಳು 2020ರಲ್ಲೇ ಪ್ರಾಥಮಿಕ ಶಾಲಾ ವಯಸ್ಸಿನ ಮಕ್ಕಳ ತರಬೇತಿಯಿಂದ ಅದನ್ನು ತೆಗೆದವು. ಹತ್ತು, ಹನ್ನೊಂದರ ಮಗು ಹಿಮ್ಮಡಿ ನೋವೆಂದು ಹೇಳಿದರೆ ಅದನ್ನು ನೆಪವೆಂದು ತಳ್ಳಿಹಾಕಬಾರದು. ಆ ವಯಸ್ಸಿನಲ್ಲಿ ಹಿಮ್ಮಡಿ ಮೂಳೆಯ ಬೆಳೆಯುವ ಭಾಗ ಇನ್ನೂ ಮೆತ್ತಗಿರುತ್ತದೆ. ಓಟ, ಜಿಗಿತ ಹೆಚ್ಚಾದಾಗ ಅಲ್ಲಿ ನೋವು ಬರುವುದು ಸಾಮಾನ್ಯ. ವಿಶ್ರಾಂತಿ ಕೊಟ್ಟು ವೈದ್ಯರಿಗೆ ತೋರಿಸಬೇಕು.

ತಂಡ ಆರಿಸುವಾಗ ಎತ್ತರದವರ ಕಡೆಗೆ ಮನಸ್ಸು ವಾಲುವುದು ಸಹಜ. ಜನವರಿಯಲ್ಲಿ ಹುಟ್ಟಿದ ಮಗುವಿಗೂ ಅದೇ ವರ್ಷದ ಡಿಸೆಂಬರ್‌ನಲ್ಲಿ ಹುಟ್ಟಿದ ಮಗುವಿಗೂ ಸುಮಾರು ಒಂದು ವರ್ಷದ ಅಂತರವಿದ್ದರೂ ಇಬ್ಬರೂ ಒಂದೇ ವಯೋಮಿತಿಯಲ್ಲಿ ಆಡುತ್ತಾರೆ ಎಂಬುದು ನೆನಪಿರಲಿ. ಬೆಂಗಳೂರು ಎಫ್‌ಸಿಯ ಸುನಿಲ್ ಛೇಟ್ರಿ, ಭಾರತದ ಪರ ಅತಿ ಹೆಚ್ಚು ಗೋಲು ಹೊಡೆದವರು, ಎತ್ತರದ ಆಳಲ್ಲ. ಎಲ್ಲರಿಗೂ ಸಮಾನ ಸಮಯ ಆಡಲು ಸಿಗಲಿ. ದಪ್ಪಗಿರುವ ಮಗುವನ್ನೇ ಪ್ರತಿ ಸಲ ಗೋಲ್‌ಕೀಪರ್ ಮಾಡದೆ ಸ್ಥಾನಗಳನ್ನು ಸರದಿಯ ಮೇಲೆ ಬದಲಿಸುತ್ತಿರಬೇಕು.

ಕಡೆಯ ಹದಿನೈದು ನಿಮಿಷ ಮಕ್ಕಳಿಗೆ ಬಿಟ್ಟುಕೊಡಿ. ತಂಡವನ್ನು ಅವರೇ ಹಂಚಿಕೊಳ್ಳಲಿ, ಫೌಲ್ ಆಯಿತೇ ಇಲ್ಲವೇ ಎಂದು ಅವರೇ ಜಗಳವಾಡಿ ತೀರ್ಮಾನಿಸಲಿ. ಆ ಹೊತ್ತಿನಲ್ಲಿ ಕೋಚ್ ಕೋನ್‌ಗಳನ್ನು ಹೆಕ್ಕಿ ಚೀಲಕ್ಕೆ ತುಂಬುತ್ತ, ಯಾವ ಮಗು ಬೆನ್ನ ಹಿಂದೆ ತಿರುಗಿ ನೋಡುತ್ತಿದೆ ಎಂಬುದನ್ನು ಓರೆಗಣ್ಣಿನಿಂದ ಗಮನಿಸುತ್ತಿದ್ದರೆ, ಮುಂದಿನ ಭಾನುವಾರ ಏನು ಕಲಿಸಬೇಕೆಂಬುದು ಅಲ್ಲಿಯೇ ಸಿಗುತ್ತದೆ.